ಒಂದು ಕೆ.ಜಿ.ಗೆ ನಿಂತ ಡಂಬೆಲ್

ನಮ್ಮ ಚಿಕ್ಕಪ್ಪನ ಜೊತೆ ಡಂಬೆಲ್ ಕೊಳ್ಳಲು ಹೋಗುವುದಕ್ಕಿಂತ ಅವರಿಗೆ ಇನ್ನೊಂದು ಮದುವೆಗೆ ಹೆಣ್ಣು ನೋಡುವುದು ಸುಲಭ! ಹಾಗಂತ ಹೇಳಿದವಳು ಚಿಕ್ಕಮ್ಮ, ನಾನಲ್ಲ.

ಡಂಬೆಲ್ ಬೇಕಾಗಿದ್ದೂ ಚಿಕ್ಕಮ್ಮನಿಗೇ. ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಭುಜ ಬಿಗಿದುಕೊಂಡು ಕೈ ಕಿವಿಯಿಂದ ಮೇಲೆ ಏಳುತ್ತಲೇ ಇರಲಿಲ್ಲ. ಒಗ್ಗರಣೆ ಹೇಗೋ ಎಡಗೈಯಲ್ಲಿ ನಡೆಯುತ್ತಿತ್ತು, ತಲೆ ಬಾಚಿಕೊಳ್ಳುವುದು ಹೇಗೆ? "ನನ್ನ ಜಡೆ ನಾನೇ ಹಾಕ್ಕೊಳ್ಳೋ ಹಾಗಾದ್ರೆ ಸಾಕು ಕಣೋ" ಎನ್ನುತ್ತಿದ್ದಳು. ಫಿಸಿಯೋಥೆರಪಿಯ ಹುಡುಗಿ, "ಮೊದ್ಲು ಅರ್ಧ ಲೀಟರ್ ನೀರಿನ ಬಾಟ್ಲಿ ಎತ್ತಿ ಆಂಟಿ, ಆಮೇಲೆ ಒಂದು ಕೆ.ಜಿ., ಹಾಗೇ ನಿಧಾನಕ್ಕೆ ಜಾಸ್ತಿ ಮಾಡಿ" ಎಂದಳು. ಸರಳವಾದ ಮಾತು ತಾನೆ? ಆದರೆ ಅದನ್ನು ಕೇಳಿಸಿಕೊಂಡವರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಚಿಕ್ಕಪ್ಪ!

"ತೂಕ ಹೆಚ್ಚು ಕಡಿಮೆ ಮಾಡೋ ಡಂಬೆಲ್ಲೇ ಬೇಕು. ಗಾಡಿ ತೆಗಿ" ಎಂದರು. ತೆಗೆದೆ. ಒಂದಲ್ಲ ಎರಡಲ್ಲ, ನಾಲ್ಕು ಭಾನುವಾರ ಮೂಡಲಪಾಳ್ಯದ ಅವರ ಮನೆಯಿಂದ ಸ್ಕೂಟರ್ ತೆಗೆದೆ. ಹಿಂದೆ ಕೂತ ಚಿಕ್ಕಪ್ಪನ ಬಟ್ಟೆಚೀಲದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ. ಹಳೇ ಪೇಪರ್ ಕೊಳ್ಳುವವನ ತಕ್ಕಡಿ ಸರಿಯಿಲ್ಲವೆಂದು ಸಾಬೀತು ಮಾಡಲು ಹಿಂದೊಮ್ಮೆ ಕೊಂಡದ್ದು ಅದು.

ಚಂದ್ರಾ ಲೇಔಟಿನ ಅಂಗಡಿಯವನು ತೋಳು ಉಬ್ಬಿಸಿಕೊಂಡು ಬಂದ. "ಇದು ನೋಡಿ ಸಾರ್, ಡಯಲ್ ತಿರುಗಿಸಿದ್ರೆ ಇಪ್ಪತ್ನಾಲ್ಕು ಕೆ.ಜಿ.ವರೆಗೂ ಹೋಗುತ್ತೆ!"

"ಹೋಗೋದು ಇರ್ಲಪ್ಪ, ಇಳಿಯೋದು ಎಲ್ಲಿಗೆ?"

"ಎರಡೂವರೆಗೆ ಸಾರ್."

"ಎರಡೂವರೆಗೆ ಒಂದು ಕುಂಬಳಕಾಯಿ ಬರುತ್ತೆ. ನಮ್ಮನೇಲಿ ಅದನ್ನ ಎತ್ತೋಕಾಗದೆ ತಾನೆ ಇಲ್ಲಿಗೆ ಬಂದಿರೋದು?"

ವಿಜಯನಗರದ ಅಂಗಡಿಯಲ್ಲಿ ಡಂಬೆಲ್ಲನ್ನು ತಕ್ಕಡಿಗೆ ನೇತುಹಾಕಿ, ಕನ್ನಡಕ ಹಣೆಗೇರಿಸಿ, "ಐವತ್ತು ಗ್ರಾಂ ಜಾಸ್ತಿ ಇದೆ" ಎಂದು ಘೋಷಿಸಿದರು. "ಜಾಸ್ತಿ ತಾನೆ ಸಾರ್, ಲಾಭ ನಿಮಗೇ!" ಎಂದ ಅಂಗಡಿಯವನು. ಲಾಭವಂತೆ! ಆ ಐವತ್ತು ಗ್ರಾಂ ಯಾರ ಭುಜದ ಮೇಲೆ ಬೀಳುತ್ತದೆಂದು ಅವನಿಗೆ ಪೂರ್ತಿ ಒಂದು ಪೀರಿಯಡ್ ಪಾಠವಾಯಿತು. ನಾನು ಪಕ್ಕದ ಟ್ರೆಡ್‌ಮಿಲ್ಲಿನ ಮೇಲೆ ಕೂತು ಹಣೆ ಚಚ್ಚಿಕೊಂಡೆ.

ನಾಲ್ಕನೇ ಭಾನುವಾರ ರಾಜಾಜಿನಗರದಲ್ಲಿ ಒಂದರಿಂದ ಐದು ಕೆ.ಜಿ.ವರೆಗಿನದು ಸಿಕ್ಕಿತು. ತಕ್ಕಡಿಯೂ ಒಪ್ಪಿತು. ಸದ್ಯ, ಬದುಕಿದೆ ಎಂದುಕೊಂಡೆ. ಎಲ್ಲಿಯ ಬದುಕು! ಮೂರು ದಿನಕ್ಕೆ ಆಯುಧಪೂಜೆ. "ಪೂಜೆ ಆಗದೆ ಹೊಸ ಆಯುಧ ಮುಟ್ಟಬಾರದು" ಎಂದು ಚಿಕ್ಕಪ್ಪ ಅದನ್ನು ದೇವರ ಮುಂದಿಟ್ಟರು. ನಾಲ್ಕು ವಾರ ಅವರನ್ನು ಹೊತ್ತ ನನ್ನ ಸ್ಕೂಟರಿಗೆ ಒಂದೇ ಒಂದು ಕುಂಕುಮದ ಬೊಟ್ಟು. ಡಂಬೆಲ್ಲಿಗೆ ಮಾತ್ರ ನೀರಲ್ಲಿ ಕಲಸಿದ ವಿಭೂತಿ, ಎರಡೂ ಕಡೆಯ ಡಯಲ್ಲಿಗೆ ಮೂರು ಮೂರು ಪಟ್ಟೆ! ವಿಭೂತಿ ಸಂದಿಗಿಳಿಯಿತು, ಒಣಗಿತು, ಗಟ್ಟಿಯಾಯಿತು. ಮಾರನೇ ದಿನ ಏನು ತಿರುಗಿಸಿದರೂ ಡಯಲ್ ಒಂದು ಕೆ.ಜಿ. ಬಿಟ್ಟು ಅಲ್ಲಾಡಲಿಲ್ಲ. ಊರೆಲ್ಲ ಹುಡುಕಿ ತಂದ ಹೆಚ್ಚು ಕಡಿಮೆಯಾಗುವ ಡಂಬೆಲ್ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಕೂತುಬಿಟ್ಟಿತು.

"ಒಂದರಿಂದ ಶುರು ಮಾಡಿ ಅಂತ ಶಿವನೇ ಹೇಳ್ತಿದಾನೆ" ಎಂದರು ಚಿಕ್ಕಪ್ಪ, ಚೂರೂ ನಾಚಿಕೆಯಿಲ್ಲದೆ.

ಎರಡು ತಿಂಗಳಾದ ಮೇಲೆ ಅಂತೂ ಒಬ್ಬ ರಿಪೇರಿಯವನನ್ನು ಪತ್ತೆ ಮಾಡಿ, ವಿಚಾರಿಸುತ್ತೇನೆಂದು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿ, ಡಂಬೆಲ್ ಒಯ್ಯಲು ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಚಿಕ್ಕಮ್ಮ ಕುರ್ಚಿಯಲ್ಲಿ ಕೂತಿದ್ದಳು. ಹಿಂದೆ ನಿಂತ ಚಿಕ್ಕಪ್ಪ ಬಾಯಲ್ಲಿ ರಬ್ಬರ್‌ಬ್ಯಾಂಡ್ ಕಚ್ಚಿಕೊಂಡು, ಮೂರು ಎಳೆಯೂ ಸಮ ಇದೆಯೇ ಎಂದು ಮತ್ತೆ ಮತ್ತೆ ನೋಡುತ್ತಾ ಜಡೆ ಹೆಣೆಯುತ್ತಿದ್ದರು. ಕೈ ಮುರಿದ ದಿನದಿಂದ ಇದು ಅವರದೇ ಕೆಲಸವಂತೆ. ನನಗೆ ಗೊತ್ತೇ ಇರಲಿಲ್ಲ.

ಜಡೆ ಮುಗಿಸಿ ಚಿಕ್ಕಪ್ಪ ಹೂವು ತರಲು ಗೇಟಿಗೆ ಹೋದರು. ಚಿಕ್ಕಮ್ಮ ನನಗೆ ಕಾಫಿ ಮಾಡಲು ಎದ್ದು, ತಲೆಗಿಂತ ಎತ್ತರದ ಶೆಲ್ಫಿನಿಂದ ಸಕ್ಕರೆ ಡಬ್ಬ ಇಳಿಸಿದಳು. ಬಲಗೈಯಲ್ಲಿ!

"ಚಿಕ್ಕಮ್ಮಾ, ಕೈ ಸರಿಹೋಗಿದೆ!"

"ಮೆತ್ತಗೆ ಮಾತಾಡೋ!" ಎಂದು ಬಾಗಿಲ ಕಡೆ ನೋಡಿದಳು. "ಆ ಡಯಲ್ ಹಾಗೇ ಇರ್ಲಿ ಕಣೋ. ಅದು ಒಂದು ಕೆ.ಜಿ. ದಾಟಿದ್ರೆ ಬಾಚಣಿಗೆ ನನ್ನ ಕೈಗೇ ಬರುತ್ತೆ. ಮದ್ವೆಯಾಗಿ ಇಷ್ಟು ವರ್ಷಕ್ಕೆ ಅವರು ದಿನಾ ಅರ್ಧ ಗಂಟೆ ನನ್ನ ಹತ್ರ ನಿಂತ್ಕೊಳ್ತಿರೋದು ಈಗಲೇ."

ಅಷ್ಟರಲ್ಲಿ ಚಿಕ್ಕಪ್ಪ ಮಲ್ಲಿಗೆ ಹಿಡಿದು ಒಳಗೆ ಬಂದರು. "ಏನಂತೋ ನಿನ್ನ ರಿಪೇರಿಯವನು?"

ನಾಲ್ಕು ಭಾನುವಾರದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. "ಅವನ ಕೈಲಾಗಲ್ವಂತೆ ಚಿಕ್ಕಪ್ಪಾ" ಎಂದೆ.

ಚಿಕ್ಕಮ್ಮ ಸಕ್ಕರೆ ಡಬ್ಬವನ್ನು ಮೆಲ್ಲಗೆ ಎಡಗೈಗೆ ಬದಲಾಯಿಸಿಕೊಂಡಳು.