ಮೀಟರ್ ಯಾರದು, ಬಾಕಿ ಯಾರದು

ಬಾಡಿಗೆ ಮನೆಯ ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನೋ ಜಗಳ ನಾನು ಲೈನ್‌ಮನ್ ಆದ ದಿನದಿಂದ ನೋಡ್ತಾ ಬಂದಿದ್ದೀನಿ. ಮನೆ ಕರೆಂಟು ಫ್ರೀ ಆದಮೇಲಾದರೂ ನಿಲ್ಲಬಹುದು ಅಂದುಕೊಂಡಿದ್ದೆ. ಹಳೇ ಬಾಕಿ ಫ್ರೀ ಆಗಲಿಲ್ಲ, ಜಗಳವೂ ನಿಲ್ಲಲಿಲ್ಲ.

೧. ಪಾಂಡವಪುರದ ಕೆಳಗಿನ ಮನೆ

ಓನರ್ ಮಹಡಿ ಮೇಲೆ, ಬಾಡಿಗೆಯವರು ಕೆಳಗೆ. ಬಾಕಿ ಇದ್ದದ್ದು ಕೆಳಗಿನ ಮೀಟರಿಗೆ.

"ಎಲ್ಡು ಬಲ್ಬು, ಒಂದು ಫ್ಯಾನು. ಇಷ್ಟೊಂದು ಎಂಗ್ ಬತ್ತದೆ ಸಾರ್?" ಅಂತ ಬಾಡಿಗೆಯಾಕೆ ಅಳ್ತಾ ಇದ್ದಳು. ಕಂಕುಳಲ್ಲಿ ಜ್ವರದ ಮಗು.

ಓನರ್ ಮೇಲಿನಿಂದಲೇ ಕೂಗಿದ: "ಉರ್ಸಿದೋರು ಕಟ್ಲಿ! ನೀವ್ ಕಟ್ ಮಾಡ್ರೀ!"

ಮನಸ್ಸಿಲ್ಲದ ಮನಸ್ಸಿನಿಂದ ಫ್ಯೂಸ್ ಕಿತ್ತೆ. ಮಹಡಿ ಮೇಲೆ ಗುರ್ ಅಂತಿದ್ದ ಮಿಕ್ಸಿ ನಿಂತಿತು. ಟಿವಿ ನಿಂತಿತು. ಓನರ್ ಹೆಂಡತಿ ಹೊರಗೆ ಬಂದು ಗಂಡನಿಗೆ, "ನಮ್ ವೈರೂ ಅದ್ರಲ್ಲೇ ಕೊಟ್ಟಿರೋದು ಮರ್ತ್‌ಬುಟ್ರಾ?" ಅಂದಳು.

೨. ಶ್ರೀರಂಗಪಟ್ಟಣದ ಅಣ್ಣತಮ್ಮಂದಿರು

ಅಪ್ಪ ಸತ್ತಮೇಲೆ ಇಬ್ಬರೂ ಮನೆಗಾಗಿ ಕೋರ್ಟಿಗೆ ಹೋಗಿದ್ದರು. ಆ ಮನೆಯಲ್ಲಿ ಬಾಡಿಗೆಗಿದ್ದದ್ದು ಇಡ್ಲಿ ಮಾಡಿ ಮಾರುವ ಒಬ್ಬ ಅಜ್ಜಿ. ಬಾಡಿಗೆ ಅಣ್ಣನೂ ಕೇಳುತ್ತಿದ್ದ, ತಮ್ಮನೂ ಕೇಳುತ್ತಿದ್ದ. ಮೀಟರ್ ಮಾತ್ರ ಇನ್ನೂ ಸತ್ತವನ ಹೆಸರಲ್ಲಿ.

ಬಾಕಿ ಬಿಲ್ ಹಿಡಿದು ಹೋದರೆ ಅಣ್ಣ, "ಮನೆ ತಮ್ಮಂದು" ಅಂದ. ತಮ್ಮನ ಹತ್ತಿರ ಹೋದರೆ, "ಅಣ್ಣಂದು ಕಣ್ರೀ" ಅಂದ. ಕರೆಂಟ್ ಕಟ್ ಮಾಡಿ ಬಂದಾಗ ಅಜ್ಜಿ, ನಿಂತುಹೋದ ಗ್ರೈಂಡರ್ ಮುಂದೆ ನೆನೆಸಿದ ಅಕ್ಕಿ ಇಟ್ಟುಕೊಂಡು ಕೂತಿತ್ತು. ಇನ್ನು ಅಂದಿನ ಸಂಪಾದನೆ ಇಲ್ಲ.

"ಈ ಬಿಲ್ಲ ಕೋರ್ಟ್‌ಗೂ ಒಂದ್ ಕಳ್ಸಪ್ಪ," ಅಂತು ಅಜ್ಜಿ. "ಇಬ್ರೂ ಮನೆ ಬ್ಯಾಡ ಅಂದ್ಬುಡ್ತಾರೆ, ಕೇಸು ಇವತ್ತೇ ಮುಗೀತದೆ."

೩. ನಾಗಮಂಗಲದ ಟೈಲರು

ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನ ಕೋಣೆಯಲ್ಲಿ ವಾಸ, ಒಂಟಿ ಮನುಷ್ಯ. ನನ್ನ ಖಾಕಿ ಪ್ಯಾಂಟಿಗೆ ತೇಪೆ ಹಾಕಿ ಕಾಸು ಬೇಡ ಅನ್ನುತ್ತಿದ್ದವನು. ಕಾಯಿಲೆ ಬಿದ್ದಮೇಲೆ ಬಿಲ್ ಕಟ್ಟಿರಲಿಲ್ಲ. ಕಟ್ ಮಾಡೋಕೆ ಆರ್ಡರ್ ಬಂತು.

ಬೇಸಿಗೆಯ ಮಟಮಟ ಮಧ್ಯಾಹ್ನ ಹೋದೆ. ಮನೆ ಮುಂದೆ ಜನ. ಟೈಲರು ಬೆಳಿಗ್ಗೆಯೇ ತೀರಿಕೊಂಡಿದ್ದ. ಮಗಳು ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಿಗೆ ಹೊರಡೋಳಿದ್ದಳು, ಮುಟ್ಟೋದು ಮಾರನೇ ದಿನ. ಅಲ್ಲೀವರೆಗೆ ಇರಲಿ ಅಂತ ಅಕ್ಕಪಕ್ಕದವರು ಚಂದಾ ಎತ್ತಿ ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ತರಿಸಿ ಅದರಲ್ಲಿ ಮಲಗಿಸಿದ್ದರು. ಗಾಜಿನ ಒಳಗೆ ಅವನ ಮುಖ ನೋಡಿ ಕಟಿಂಗ್ ಪ್ಲೇಯರನ್ನು ಚೀಲದೊಳಗೆ ತಳ್ಳಿದೆ.

ಅಷ್ಟರಲ್ಲಿ ಓನರ್ ಬಂದ. "ಬಾಕಿ ಅವಂದು, ನಂದಲ್ಲ. ಕಟ್ ಮಾಡಿ ಬರ್ಕೊಂಡೋಗ್ರೀ."

"ಸ್ವಾಮಿ, ಪೆಟ್ಟಿಗೆ ಕರೆಂಟಲ್ಲೇ ಓಡ್ತಿರೋದು," ಅಂದೆ.

"ಅದುಕ್ಕೆ ನಾನೇನ್ ಮಾಡ್ಲಿ?"

"ನೀವೇನೂ ಮಾಡ್ಬೇಡಿ. ಮಗಳು ನಾಳೆ ಬರ್ತಾಳೆ. ಬಿಸಿಲು ಇಂಗೈತೆ. ಮನೆ ನಿಮ್ದು. ಆಮೇಲೆ ಆ ವಾಸ್ನೆಗೆ ಯಾರ್ ಬರ್ತಾರೋ ಬಾಡಿಗೆಗೆ, ನೋಡ್ಕಳಿ."

ಓನರ್ ಪೆಟ್ಟಿಗೆ ನೋಡಿದ, ಪ್ಲಗ್ ನೋಡಿದ, ಸ್ಕೂಟರ್ ಹತ್ತಿದ. ಅರ್ಧ ಗಂಟೆಯಲ್ಲಿ ರಸೀದಿ ಹಿಡಿದು ವಾಪಸ್ ಬಂದ. ಹಣೆಯ ಬೆವರು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಂದು ಅಂದ:

"ಮುಂದಿನ್ ಸಲ ಕರಾರಲ್ಲೇ ಬರ್ಸ್‌ಬುಡ್ತೀನಿ ಕಣ್ರೀ. ಬಿಲ್ ಕಟ್ದೆ ಯಾರೂ ಸಾಯಂಗಿಲ್ಲ."