ಸೇರು ಒದ್ದ ಸೊಸೆ ಎಷ್ಟು ಒಳಗೆ, ಎಷ್ಟು ಹೊರಗೆ

ಅಳತೆ ಪರಿವರ್ತನಾ ವಿಶೇಷ ಕೋಶ
(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ)

ಸಂಖ್ಯೆ: ಅಪವಿಕೋ/ಸೇರು/ಸೊಸೆ/1/2001-02
ದಿನಾಂಕ: 21-5-2001

ಸುತ್ತೋಲೆ

ವಿಷಯ: ಹಳೆಯ ಅಳತೆಗಳನ್ನು ಕಿಲೋಗ್ರಾಂ, ಲೀಟರ್ ಹಾಗೂ ಹೆಕ್ಟೇರುಗಳಿಗೆ ಪರಿವರ್ತಿಸುವ ಬಗ್ಗೆ, ಮತ್ತು ದೊಡವಾಡದ ಮನೆಯೊಂದರ ಹೊಸ್ತಿಲಲ್ಲಿ ಸೊಸೆ ನಿಂತುಬಿಟ್ಟ ಬಗ್ಗೆ.

ಉಲ್ಲೇಖ: 1) ಈ ಕೋಶದ ಹಿಂದಿನ ಆರು ಸುತ್ತೋಲೆಗಳು (ಯಾರೂ ಓದಿಲ್ಲ).
2) ಶ್ರೀಮತಿ ಗುರುಬಸವ್ವ, ಸಾ: ದೊಡವಾಡ, ಇವರ ಮೌಖಿಕ ತಕರಾರು (ಓಣಿಯೆಲ್ಲ ಕೇಳಿದೆ).

1. ಒಂದು ಸೇರು ಎಂದರೆ 933 ಗ್ರಾಂ ಎಂದು ಈಗಾಗಲೇ ಆದೇಶಿಸಲಾಗಿದೆ. ಆದಾಗ್ಯೂ ಸೇರು ಎಂಬುದು ತೂಕವಲ್ಲ, ತುಂಬಿ ಅಳೆಯುವ ಪಾತ್ರೆ, ಜೋಳ ತುಂಬಿದರೆ ಒಂದು ತೂಕ, ಹತ್ತಿಕಾಳು ತುಂಬಿದರೆ ಇನ್ನೊಂದು ತೂಕ ಎಂದು ಕೆಳಹಂತದ ಸಿಬ್ಬಂದಿ ವಾದಿಸುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಯಾವುದೇ ಕಾಳು ತನ್ನ ಸ್ವಂತ ತೂಕವನ್ನು ಹೊಂದತಕ್ಕದ್ದಲ್ಲ.

2. ಒಂದು ಕೂರಗಿ ಹೊಲ ಎಂದರೆ ಒಂದು ಜೋಡಿ ಎತ್ತು ಒಂದು ದಿನಕ್ಕೆ ಬಿತ್ತುವಷ್ಟು ನೆಲವೆಂದು ರಾಮದುರ್ಗದ ರೈತರು ತಿಳಿಸಿರುತ್ತಾರೆ. ಹೆಕ್ಟೇರಿಗೆ ಪರಿವರ್ತಿಸುವ ಸಲುವಾಗಿ ಸದರಿ ಎತ್ತುಗಳನ್ನು ಕಚೇರಿ ವೇಳೆಯಲ್ಲಿ ಹಾಜರುಪಡಿಸತಕ್ಕದ್ದು. ಊಟದ ವಿರಾಮದಲ್ಲಿ ಬಂದ ಎತ್ತುಗಳ ಹೊಲವನ್ನು ಶೂನ್ಯವೆಂದು ಪರಿಗಣಿಸಲಾಗುವುದು.

3. ದಿನಾಂಕ 18ರಂದು ಗುರುಬಸವ್ವನವರ ಮನೆಯಲ್ಲಿ ಮುದ್ರೆಯಿಲ್ಲದ ಹಿತ್ತಾಳೆ ಸೇರೊಂದನ್ನು ಜಪ್ತಿ ಮಾಡಲಾಗಿರುತ್ತದೆ. ಅಕ್ಕಿ ಎಷ್ಟಿದೆ ಎಂದು ಕೇಳಲಾಗಿ "ಅರ್ಧಾ ಚೀಲ ಐತ್ರಿ" ಎಂದು ನಿಷೇಧಿತ ಮಾನದಲ್ಲಿ ಉತ್ತರಿಸಿದ್ದರಿಂದ ಅಕ್ಕಿಗೂ ಮೊಹರು ಹಾಕಲಾಗಿದೆ. ಅದೇ ಸಂಜೆ ಅವರ ಮಗ ಕಲ್ಮೇಶನು ಮದುವೆಯಾಗಿ ಗಂಗಾಳನ್ನು ಕರೆತಂದಿರುತ್ತಾನೆ. ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದೆಯದೆ ಸೊಸೆ ಹೊಸ್ತಿಲು ದಾಟುವ ಪದ್ಧತಿ ಆ ಮನೆಯಲ್ಲಿಲ್ಲದ ಕಾರಣ ಆಕೆ ಬಾಸಿಂಗ ಕಟ್ಟಿಕೊಂಡೇ ಹೊರಗೆ ನಿಂತಿರುತ್ತಾಳೆ.

4. ಕೋಶಕ್ಕೂ ಕರುಳಿದೆ. ಒಂದು ಲೀಟರಿನ ಪ್ಲಾಸ್ಟಿಕ್ ಅಳತೆ ಡಬ್ಬಿಯನ್ನು ಕೂಡಲೇ ಮಂಜೂರು ಮಾಡಲಾಯಿತು. ಅದಕ್ಕೆ ಗುರುಬಸವ್ವನವರು, "ಲೀಟರ್ ಒದ್ದು ಬಂದಾಕಿ ನಮ್ಮನಿ ಸೊಸಿ ಹೆಂಗ ಆಗತಾಳ್ರಿ? ಬೆಂಕಿ ಬೀಳ್ಲಿ ನಿಮ್ಮ ಕಾಗದಕ್ಕ! ಹುಡುಗಿ ಕಾಲು ಸೋತು ಹೋಗ್ಯಾವು" ಎಂದಿರುತ್ತಾರೆ. ಕಾಲು ಸೋಲುವುದನ್ನು ಅಳೆಯುವ ಮಾನ ಈ ಕೋಶದಲ್ಲಿ ಲಭ್ಯವಿಲ್ಲ.

5. ಅಷ್ಟರಲ್ಲಿ ಪಕ್ಕದ ಮನೆಯ ಚುರುಮರಿ (ಮಂಡಕ್ಕಿ) ವ್ಯಾಪಾರಿ ಅಜೀಜಾಬಿಯವರು, ಜಪ್ತಿ ವೇಳೆ ಚುರುಮರಿ ಚೀಲದೊಳಗೆ ಹುದುಗಿದ್ದು ಕಣ್ತಪ್ಪಿದ ತಮ್ಮ ಸೇರನ್ನು ಚುರುಮರಿ ತುಂಬಿದಂತೆಯೇ ತಂದು ಹೊಸ್ತಿಲ ಮೇಲಿಟ್ಟು, "ಒದಿಯವ್ವಾ ನನ್ನ ಮಗಳ, ಹೊತ್ತು ಮುಳಗತೈತಿ" ಎಂದಿರುತ್ತಾರೆ. ಸೊಸೆ ಒದ್ದಿದ್ದಾಳೆ. ಒಳಗೂ ಹೋಗಿದ್ದಾಳೆ. ಕೋಶದ ಪೂರ್ವಾನುಮತಿ ಪಡೆದಿಲ್ಲ.

6. ಚೆಲ್ಲಿದ ಚುರುಮರಿಯನ್ನು ಸಿಪಾಯಿ ಕಾಡಪ್ಪನು ಬಳಿದು ತಂದಿದ್ದು, ದಾರಿಯಲ್ಲಿ ತಿಂದಿಲ್ಲವೆಂದು ಆಣೆ ಮಾಡಿಸಿಕೊಂಡು ತೂಗಲಾಗಿ 84 ಗ್ರಾಂ ಬಂದಿರುತ್ತದೆ. 933 ಗ್ರಾಂ ಒದೆಯಬೇಕಾದಲ್ಲಿ 84 ಗ್ರಾಂ ಮಾತ್ರ ಒದ್ದಿರುವುದರಿಂದ ಸದರಿ ಸೊಸೆಯು ಶೇಕಡಾ 9ರಷ್ಟು ಮಾತ್ರ ಮನೆ ಪ್ರವೇಶಿಸಿರುತ್ತಾಳೆ. ಉಳಿದ ಶೇಕಡಾ 91 ಸೊಸೆಯು ಹೊರಗೇ ನಿಂತಿರುವಳೆಂದು ದಾಖಲಿಸಲು ಈ ಮೂಲಕ ಸೂಚಿಸಲಾಗಿದೆ.

7. ಒಳಗಿನ ಭಾಗವು ರೊಟ್ಟಿ ಬಡಿಯಬಹುದು, ಬಡಿಸತಕ್ಕದ್ದಲ್ಲ. ಹೊರಗಿನ ಭಾಗವು ಉಳಿಕೆ 849 ಗ್ರಾಂ ಅನ್ನು ಏಳು ದಿನಗಳೊಳಗೆ ಒದ್ದು ರಸೀದಿ ಪಡೆಯತಕ್ಕದ್ದು. ತಪ್ಪಿದಲ್ಲಿ ಒಳಗಿನ ಭಾಗವನ್ನೂ ಹೊರಗೆ ಕರೆಸಲಾಗುವುದು.

ಸಹಿ/-
(ವಿರೂಪಾಕ್ಷ)
ವಿಶೇಷಾಧಿಕಾರಿ

ಪ್ರತಿಗಳು:
1. ಶ್ರೀಮತಿ ಅಜೀಜಾಬಿ: ಸೇರನ್ನು ಕಚೇರಿಗೆ ಒಪ್ಪಿಸಲು.
2. ಶ್ರೀಮತಿ ಗಂಗಾ (ಶೇ. 9), ಮನೆಯೊಳಗೆ: ಮಾಹಿತಿಗಾಗಿ.
3. ಶ್ರೀಮತಿ ಗಂಗಾ (ಶೇ. 91), ಹೊಸ್ತಿಲ ಹೊರಗೆ: ಅಗತ್ಯ ಕ್ರಮಕ್ಕಾಗಿ.

ಸಿಪಾಯಿ ಕಾಡಪ್ಪನ ಷರಾ: ಮೂರನೇ ಪ್ರತಿ ವಾಪಸ್ ತಂದೇನ್ರಿ ಸಾಹೇಬ್ರ. ಹೊರಗ ಯಾರೂ ಇಲ್ರಿ. ಎಲ್ಲಾರೂ ಒಳಗ ಊಟಕ್ಕ ಕುಂತಿದ್ರು. ಗಂಗವ್ವನಽ ಬಡಸಾಕ ಹತ್ತಿದ್ಳು, ನಾನೂ ಉಂಡು ಬಂದೇನ್ರಿ.