ಗೊರಗೊರ ಕೇಳುವ ಮಾವ

ಕರೆಂಟ್ ಹೋದರೆ ಹಿಗ್ಗುವ ಮನುಷ್ಯ ಇಡೀ ಹೊಳೆನರಸೀಪುರದಲ್ಲಿ ಒಬ್ಬರೇ ಇದ್ದಾರೆ: ನಮ್ಮ ಸೋದರಮಾವ! ಊರೆಲ್ಲ ಲೈನ್‌ಮನ್‌ನನ್ನು ಬೈಯುತ್ತಿದ್ದರೆ ಇವರು ರೇಡಿಯೋ ಎತ್ತಿಕೊಂಡು ತಾರಸಿಗೆ ಓಡುತ್ತಾರೆ. ಕರೆಂಟ್ ಇದ್ದರೆ ಬಲ್ಬು, ಚಾರ್ಜರುಗಳ ಕಿರಿಕಿರಿಯೆಲ್ಲ ರೇಡಿಯೋದೊಳಗೆ ನುಗ್ಗುತ್ತದಂತೆ.

ಹಾಡು ಕೇಳುವುದಕ್ಕೆ ಅಂದುಕೊಂಡಿರಾ? ಹಾಡು ಬಂದರೆ ಮುಂದಕ್ಕೆ ತಿರುಗಿಸುತ್ತಾರೆ! ಒಂದು ದೇಶದ ಶಾರ್ಟ್‌ವೇವ್ ಪ್ರಸಾರ ತನ್ನ ಜನರ ಕಿವಿಗೆ ಬೀಳಬಾರದೆಂದು ಇನ್ನೊಂದು ದೇಶ ಬೇಕೆಂದೇ ಅದರ ಮೇಲೆ ಗೊರಗೊರ ಸದ್ದು ಬಿಡುತ್ತದೆ. ಇದಕ್ಕೆ ಜಾಮಿಂಗ್ ಅನ್ನುತ್ತಾರೆ. ಆ ಗೊರಗೊರದ ಅಡಿಯಲ್ಲಿ ಸಿಕ್ಕಿಕೊಂಡವರು ಯಾರೆಂದು ಪತ್ತೆ ಮಾಡುವುದೇ ಮಾವನ ಹವ್ಯಾಸ. ಕಣ್ಣು ಮುಚ್ಚಿ, ರೇಡಿಯೋಗೆ ಕಿವಿಯೊತ್ತಿ, ಎಡಗೈ ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸಿದರೆಂದರೆ ಕಾಫಿ ಆರಿಹೋದಂತೆಯೇ.

“ಪಾಪ, ಯಾರೋ ಏನೋ ಏಳ್ಬೇಕು ಅಂತಾವ್ರೆ ಕಣ್ಲಾ. ಒಬ್ರಾದ್ರೂ ಕೇಳುಸ್ಕಬೇಕಲ್ವಾ?”

“ಇಲ್ಲಿ ನಾನೊಬ್ಳು ಏಳ್ತಾನೇ ಇವ್ನಿ, ಅದ್ಯಾರು ಕೇಳುಸ್ಕತಾರೆ?” ಇದು ಅಡುಗೆಮನೆಯಿಂದ ಅತ್ತೆ.

ಒಮ್ಮೆ ಕರೆಂಟ್ ಇದ್ದಾಗಲೇ ಹೊಸ ಜಾಮಿಂಗ್ ಸಿಕ್ಕಿದೆಯೆಂದು ಮಾವನ ಫೋನು ಬಂತು. ಚನ್ನರಾಯಪಟ್ಟಣದಿಂದ ಬೈಕಿನಲ್ಲಿ ಹೋದೆ. ರೇಡಿಯೋ ಒಂದೇ ಸಮ ಗರ್‍ರ್ ಎನ್ನುತ್ತಿತ್ತು. ಯಾವುದೋ ದೊಡ್ಡ ದೇಶದ ಕೆಲಸವೇ ಇದು ಎಂದು ಮಾವ ತೀರ್ಪು ಕೊಡುವಷ್ಟರಲ್ಲಿ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ, ಗ್ರೈಂಡರಿನಿಂದ ಆಗತಾನೇ ತೆಗೆದ ಹಿಟ್ಟು ಹಿಡಿದು ಬಂದರು.

“ನಿಮ್ಮ ದೊಡ್ಡ ದೇಶದಿಂದ ಇಡ್ಲಿಹಿಟ್ಟು ಬಂದೈತೆ,” ಎಂದರು ಅತ್ತೆ. ಮಾವ ಮರುದಿನ ಆ ಇಡ್ಲಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು, ಮಾತು ಮಾತ್ರ ಕಲಸಿಹೋಯಿತು. ಏನೋ ಹೇಳುತ್ತಾರೆ, ನಮಗೊಂದೂ ತಿಳಿಯದು. ನೀರು ಬೇಕಾ, ಹೊದಿಕೆ ಬೇಕಾ ಎಂದು ನಾವು ಕೇಳಿ ಕೇಳಿ, ಅತ್ತೆ ಸೋತು ಗೋಡೆಯ ಕಡೆ ತಿರುಗಿಬಿಟ್ಟರು. ಇನ್ನು ಮಾತನ್ನೇ ಬಿಟ್ಟುಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

ಮಾವ ಸ್ಟೂಲು ಎಳೆದುಕೊಂಡು ಕೂತರು. ಕಣ್ಣು ಮುಚ್ಚಿ, ಅತ್ತೆಯ ಬಾಯಿಯ ಹತ್ತಿರ ಕಿವಿ ತಂದು, ಎಡಗೈ ಎತ್ತಿ ನಮ್ಮನ್ನು ಸುಮ್ಮನಿರಿಸಿದರು.

“ಇನ್ನೊಂದ್ಸಲ ಏಳು.”

ಅತ್ತೆ ಹೇಳಿದರು. ಮಾವ ಮತ್ತೆ ಹೇಳಿಸಿದರು. ಆಮೇಲೆ ಕಣ್ಣು ಬಿಟ್ಟು, ನನ್ನ ಕಡೆ ತಿರುಗಿ, “ಆ ದರಿದ್ರದ ರೇಡಿಯೋನ ಇಲ್ಲಿಗೂ ತಂದಿದ್ದೀರಾ ಅಂತ ಕೇಳ್ತಾವ್ಳೆ ಕಣ್ಲಾ,” ಎಂದರು.

ಅತ್ತೆ ಹೌದೆಂದು ತಲೆಯಾಡಿಸಿದರು. ನಕ್ಕರೋ ಅತ್ತರೋ ಹೇಳಲಾರೆ. ನಾನಂತೂ ಅತ್ತುಬಿಟ್ಟೆ.

ಈಗಲೂ ಕರೆಂಟ್ ಹೋದರೆ ಮಾವ ಹಿಗ್ಗುತ್ತಾರೆ. ಫ್ಯಾನು, ಫ್ರಿಜ್ಜು, ಪಕ್ಕದ ಮನೆಯ ಗ್ರೈಂಡರು ಎಲ್ಲ ನಿಲ್ಲುತ್ತವಲ್ಲ! ತಾರಸಿಗೆ ಮಾತ್ರ ಓಡುವುದಿಲ್ಲ. ಸ್ಟೂಲು ತಂದು ಅತ್ತೆಯ ಪಕ್ಕ ಹಾಕಿಕೊಂಡು, “ಈಗ ಏಳು, ಕೇಳುಸ್ಕತೀನಿ,” ಎನ್ನುತ್ತಾರೆ.